ಯೂನಿವರ್ಸಿಟಿಯ ಸೈಕಾಲಜಿ ಕೋರ್ಸ್: ಏನು ಕೇಳುತ್ತಾರೆ, ಹೇಗೆ ತಯಾರಾಗಬೇಕು

ಮೊದಲ ವರ್ಷದ ಸೈಕಾಲಜಿಯಲ್ಲಿ ವಿದ್ಯಾರ್ಥಿಗಳು ಕಂಗಾಲಾಗುವುದು ಫ್ರಾಯ್ಡ್ ಪಾಠದಲ್ಲಲ್ಲ, ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ. ಕನಸುಗಳ ಅರ್ಥ, ಜನರ ಮುಖ ನೋಡಿ ಮನಸ್ಸು ಓದುವುದು, ಸ್ನೇಹಿತರ ಸಮಸ್ಯೆ ಬಗೆಹರಿಸುವುದು ಇಂಥದ್ದೇನೋ ಇರುತ್ತದೆ ಅಂದುಕೊಂಡು ಬರುತ್ತಾರೆ. ಎರಡನೇ ವಾರಕ್ಕೆ ಬೋರ್ಡ್ ಮೇಲೆ ನರಕೋಶದ ಚಿತ್ರ, ಮೂರನೇ ವಾರಕ್ಕೆ ಗ್ರಾಫು. "ಇದಕ್ಕಾ ನಾನು ಸೇರಿದ್ದು?" ಅನ್ನಿಸುವುದು ಆಗಲೇ.

ಅದಕ್ಕೇ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೋರ್ಸ್ ನಿಮ್ಮನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಅದು ನಿಜ ಅಂತ ಹೇಗೆ ಗೊತ್ತಾಯಿತು?" ಓದುವ ಪೇಪರ್, ಬರೆಯುವ ರಿಪೋರ್ಟ್, ಪರೀಕ್ಷೆಯ ಪ್ರಶ್ನೆ ಎಲ್ಲದರ ಹಿಂದೆಯೂ ಇದೇ ಇರುತ್ತದೆ. ಯಾಕೆ ಇಷ್ಟೊಂದು ಹಟ ಅನ್ನುವುದಕ್ಕೆ ಅಮೆರಿಕದ ಮನೋವಿಜ್ಞಾನಿ ಬರ್ಟ್ರಂ ಫೋರರ್ 1948ರಲ್ಲಿ ತನ್ನ ಕ್ಲಾಸಿನಲ್ಲೇ ಮಾಡಿದ ಪ್ರಯೋಗ ನೋಡಿ. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಪರೀಕ್ಷೆ ಕೊಟ್ಟ. ವಾರದ ಮೇಲೆ ಪ್ರತಿಯೊಬ್ಬರಿಗೂ "ನಿಮ್ಮ ಸ್ವಭಾವ ಇದು" ಅಂತ ಒಂದೊಂದು ವರದಿ ಕೊಟ್ಟ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂತು. ತಮಾಷೆ ಏನೆಂದರೆ ಎಲ್ಲರಿಗೂ ಸಿಕ್ಕಿದ್ದು ಅದೇ ವರದಿ, ಒಂದಕ್ಷರವೂ ಬೇರೆ ಇಲ್ಲ. "ನನಗೆ ಸರಿ ಅನ್ನಿಸಿತು" ಅನ್ನುವುದು ಪುರಾವೆ ಆಗುವುದಿಲ್ಲ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಸೇರುವ ಮುನ್ನ ನೋಡಿಕೊಳ್ಳಬೇಕಾದ್ದು

ಪರಿಚಯ ಮಟ್ಟದ ಕೋರ್ಸ್‌ಗೆ ಸಾಮಾನ್ಯವಾಗಿ ಸೈಕಾಲಜಿ ಮೊದಲೇ ಓದಿರಬೇಕು ಅನ್ನುವ ಷರತ್ತು ಇರುವುದಿಲ್ಲ. ಮುಂದಿನ ಕೋರ್ಸ್‌ಗಳ ಕಥೆ ಬೇರೆ. ಪರಿಚಯ ಕೋರ್ಸ್ ಪಾಸಾಗದೆ ಎರಡನೇ ಹಂತಕ್ಕೆ ಬಿಡುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಮತ್ತು ಸಂಶೋಧನಾ ವಿಧಾನ ಮುಗಿಸದೆ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಬಿಡುವುದಿಲ್ಲ. ಯಾವುದಾದ ಮೇಲೆ ಯಾವುದು ಅನ್ನುವ ಪಟ್ಟಿ ವಿಭಾಗದಲ್ಲಿ ಸಿಗುತ್ತದೆ. ಮೊದಲ ದಿನವೇ ತೆಗೆದುಕೊಳ್ಳಿ. ಸ್ಟ್ಯಾಟಿಸ್ಟಿಕ್ಸ್ ಭಯಕ್ಕೆ ಅದನ್ನು ಮುಂದೆ ತಳ್ಳುತ್ತಾ ಹೋದವರಿಗೆ ಕೊನೆಗೆ ಇಡೀ ಒಂದು ವರ್ಷವೇ ಜಾಸ್ತಿ ಹಿಡಿಯುವುದುಂಟು.

ಗಣಿತ ಎಷ್ಟು ಬೇಕು? ಶೇಕಡಾವಾರು, ಸರಾಸರಿ, ಗ್ರಾಫ್ ಓದುವುದು, ಸೂತ್ರದಲ್ಲಿ ಸಂಖ್ಯೆ ಹಾಕಿ ಉತ್ತರ ತೆಗೆಯುವುದು. ಶಾಲೆಯ ಬೀಜಗಣಿತ ನೆನಪಿದ್ದರೆ ಸಾಕು. ಜೀವಶಾಸ್ತ್ರವೂ ಸ್ವಲ್ಪ ಬರುತ್ತದೆ, ಮೆದುಳಿನ ಭಾಗಗಳು, ನರಕೋಶ, ಹಾರ್ಮೋನು. ಆದರೆ ಅದನ್ನೆಲ್ಲ ಅಲ್ಲೇ ಕಲಿಸುತ್ತಾರೆ.

ಇನ್ನೊಂದು ವಿಷಯ ಯಾರೂ ಮೊದಲು ಕೇಳುವುದಿಲ್ಲ, ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಬರೀ ಪದವಿ ಮುಗಿಸಿದ ಮಾತ್ರಕ್ಕೆ ಬಹುತೇಕ ದೇಶಗಳಲ್ಲಿ ಯಾರಿಗೂ ಚಿಕಿತ್ಸೆ ಕೊಡುವ ಹಾಗಿಲ್ಲ. ಅದಕ್ಕೆ ಮುಂದಿನ ಪದವಿ, ಅನುಭವಿಗಳ ಕೈಕೆಳಗೆ ತರಬೇತಿ, ಪರವಾನಗಿ ಎಲ್ಲ ಬೇಕು. ಸೈಕಿಯಾಟ್ರಿಸ್ಟ್ ಆಗಬೇಕು ಅಂದರಂತೂ ದಾರಿಯೇ ಬೇರೆ, ಅವರು ಮೊದಲು ವೈದ್ಯಕೀಯ ಓದಿರುತ್ತಾರೆ. ಚಿಕಿತ್ಸಕರಾಗುವುದೇ ನಿಮ್ಮ ಗುರಿಯಾದರೆ, ನೀವು ಸೇರುತ್ತಿರುವ ಪದವಿ ಮುಂದಿನ ಕೋರ್ಸ್‌ಗೆ ಮಾನ್ಯವೋ ಅಲ್ಲವೋ ಅಂತ ಈಗಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಸಿಲಬಸ್ ಅನ್ನು ಕರಾರಿನ ಹಾಗೆ ಓದಿ

ಮೊದಲ ತರಗತಿಯಲ್ಲಿ ಕೊಡುವ ಸಿಲಬಸ್ಸನ್ನು ಅರ್ಧಕ್ಕರ್ಧ ಜನ ಕಣ್ಣಾಡಿಸಿ ಪಕ್ಕಕ್ಕಿಡುತ್ತಾರೆ. ಆಮೇಲೆ ಇಡೀ ಸೆಮಿಸ್ಟರ್ ಅದರಲ್ಲಿರುವ ಪ್ರಶ್ನೆಗಳನ್ನೇ ಕೇಳುತ್ತಿರುತ್ತಾರೆ. ಪೆನ್ ಹಿಡಿದು ಕೂತು ಓದಿ. ಅಂಕಗಳು ಹೇಗೆ ಹಂಚಿಕೆಯಾಗಿವೆ, ತಡವಾಗಿ ಕೊಟ್ಟರೆ ದಿನಕ್ಕೆ ಎಷ್ಟು ಕಡಿತ, ಪರೀಕ್ಷೆ ತಪ್ಪಿದರೆ ಮತ್ತೆ ಅವಕಾಶ ಇದೆಯಾ, ಹಾಜರಾತಿಗೆ ಅಂಕ ಇದೆಯಾ, ಎಐ ಉಪಕರಣ ಬಳಸಬಹುದಾ, ಬಳಸಿದರೆ ಎಲ್ಲಿಯವರೆಗೆ. ಈ ಕೊನೆಯದು ಒಂದೇ ವಿಭಾಗದ ಇಬ್ಬರು ಅಧ್ಯಾಪಕರಲ್ಲೇ ಬೇರೆ ಬೇರೆ ಇರಬಹುದು. ಹಾಗಾಗಿ ಇನ್ನೊಂದು ಕ್ಲಾಸಿನ ನಿಯಮ ಇಲ್ಲೂ ನಡೆಯುತ್ತದೆ ಅಂತ ನಂಬಬೇಡಿ.

ಓದಿ ಮುಗಿದ ಕೂಡಲೇ ಎಲ್ಲ ದಿನಾಂಕಗಳನ್ನೂ ಕ್ಯಾಲೆಂಡರ್‌ಗೆ ಹಾಕಿ. ಬೇರೆ ಕೋರ್ಸ್‌ಗಳ ದಿನಾಂಕವನ್ನೂ ಅದರ ಪಕ್ಕದಲ್ಲೇ ಹಾಕಿದರೆ ಯಾವ ವಾರ ಉಸಿರಾಡಲು ಪುರುಸೊತ್ತಿರುವುದಿಲ್ಲ ಅಂತ ಅಲ್ಲೇ ಕಾಣುತ್ತದೆ. ಒಂದು ಗಂಟೆ ತರಗತಿಗೆ ಹೊರಗೆ ಎರಡು ಗಂಟೆ ಓದು ಅನ್ನುವುದು ಅನೇಕ ಯೂನಿವರ್ಸಿಟಿಗಳು ಹೇಳುವ ಲೆಕ್ಕ. ವಾರಕ್ಕೆ ಮೂರು ಗಂಟೆ ಪಾಠವಿದ್ದರೆ ಆರು ಗಂಟೆ ನಿಮ್ಮದು. ರಿಪೋರ್ಟ್ ಬರೆಯುವ ವಾರ ಅದೂ ಸಾಲುವುದಿಲ್ಲ.

ನೀವೇ ಪ್ರಯೋಗದಲ್ಲಿ ಕೂರಬೇಕಾಗಬಹುದು

ಇದು ಕೇಳಿ ಕೆಲವರಿಗೆ ಗಾಬರಿಯಾಗುತ್ತದೆ. ಅನೇಕ ಯೂನಿವರ್ಸಿಟಿಗಳಲ್ಲಿ ಪರಿಚಯ ಕೋರ್ಸ್‌ನವರು ಕೆಲವು ಗಂಟೆ ಸಂಶೋಧನೆಗಳಲ್ಲಿ ಭಾಗವಹಿಸಬೇಕು, ಅದಕ್ಕೆ ಸ್ವಲ್ಪ ಅಂಕ. ಭಯಪಡುವಂಥದ್ದೇನಿಲ್ಲ. ಕಂಪ್ಯೂಟರ್ ಮುಂದೆ ಕೂತು ಬಣ್ಣ ಗುರುತಿಸುವುದು, ಪ್ರಶ್ನಾವಳಿ ತುಂಬುವುದು, ಪದಗಳ ಪಟ್ಟಿ ನೆನಪಿಟ್ಟುಕೊಂಡು ಹೇಳುವುದು, ಜಾಸ್ತಿ ಇಂಥವೇ.

ನಿಮ್ಮ ಹಕ್ಕುಗಳು ಗೊತ್ತಿರಲಿ. ಶುರುವಾಗುವ ಮುನ್ನ ಏನು ಮಾಡಿಸುತ್ತಾರೆ ಅಂತ ತಿಳಿಸಿ ನಿಮ್ಮ ಒಪ್ಪಿಗೆ ಕೇಳಬೇಕು. ನಡುವೆ ಬೇಡ ಅನ್ನಿಸಿದರೆ ಎದ್ದು ಬರಬಹುದು, ಕಾರಣ ಹೇಳಬೇಕಿಲ್ಲ. ಮುಗಿದ ಮೇಲೆ ಪ್ರಯೋಗದ ನಿಜವಾದ ಉದ್ದೇಶ ವಿವರಿಸಬೇಕು. ಭಾಗವಹಿಸಲು ಇಷ್ಟವೇ ಇಲ್ಲದಿದ್ದರೆ ಅಷ್ಟೇ ಅಂಕಕ್ಕೆ ಬೇರೆ ಕೆಲಸ, ಸಾಮಾನ್ಯವಾಗಿ ಒಂದು ಸಣ್ಣ ಬರಹ, ಕೊಡಬೇಕು.

ಇಷ್ಟೆಲ್ಲ ನಿಯಮ ಸುಮ್ನೆ ಬಂದಿದ್ದಲ್ಲ. 1961ರಲ್ಲಿ ಯೇಲ್ ಯೂನಿವರ್ಸಿಟಿಯಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಶುರುಮಾಡಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯ ಮನುಷ್ಯನಿಗೆ ತಾವೇ ವಿದ್ಯುತ್ ಶಾಕ್ ಕೊಡುತ್ತಿದ್ದೇವೆ ಅಂತ ಜನ ನಂಬಿದ್ದರು. ಶಾಕ್ ಸುಳ್ಳು, ಆ ಮನುಷ್ಯ ನಟಿಸುತ್ತಿದ್ದ. ಅದು ಗೊತ್ತಿಲ್ಲದೆ, ಪ್ರಯೋಗ ಮಾಡುವವರು ಮುಂದುವರಿಸಿ ಅಂದಿದ್ದಕ್ಕೆ, 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೆ ಹೋದರು. ಬೆವರುತ್ತಾ, ನಡುಗುತ್ತಾ ಹೋದವರೂ ಇದ್ದರು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಅಣಕು ಜೈಲಿನ ಪ್ರಯೋಗ ಎರಡು ವಾರ ನಡೆಯಬೇಕಿತ್ತು, ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಇಂಥವುಗಳ ಸುತ್ತ ಎದ್ದ ಚರ್ಚೆಯಿಂದ ಈ ಕ್ಷೇತ್ರದ ನೈತಿಕ ನಿಯಮಗಳು ಬಿಗಿಯಾದವು. ಇವತ್ತು ಸಾಮಾನ್ಯವಾಗಿ ಯಾವ ಅಧ್ಯಯನವಾದರೂ ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಶುರುವಾಗಬೇಕು. ನಿಮ್ಮ ಪುಟ್ಟ ಕ್ಲಾಸ್ ಪ್ರಾಜೆಕ್ಟ್‌ಗೂ ಅಧ್ಯಾಪಕರ ಅನುಮತಿ ಬೇಕು. ಹಾಸ್ಟೆಲ್ ಗೆಳೆಯರ ಮೇಲೆ ನೀವೇ ಒಂದು "ಪ್ರಯೋಗ" ಮಾಡಿ ತಂದು ತೋರಿಸಿದರೆ ಮೆಚ್ಚುಗೆ ಸಿಗುವುದಿಲ್ಲ, ಬೈಗುಳ ಸಿಗುತ್ತದೆ.

ಕೊನೆಯ ಎರಡು ವಾರಕ್ಕೆ ಇದನ್ನು ಬಿಟ್ಟುಕೊಳ್ಳಬೇಡಿ. ಅಷ್ಟರಲ್ಲಿ ಜಾಗಗಳೆಲ್ಲ ತುಂಬಿರುತ್ತವೆ.

ಪೇಪರ್ ಓದುವುದನ್ನು ಕಲಿಯಿರಿ

ಪಠ್ಯಪುಸ್ತಕ ಓದುವುದು ಎಲ್ಲರಿಗೂ ಬರುತ್ತದೆ. ಸಂಶೋಧನಾ ಪೇಪರ್ ಓದುವುದು ಬೇರೆಯದೇ ಕೆಲಸ, ಮತ್ತು ಅದನ್ನು ಕ್ಲಾಸಿನಲ್ಲಿ ಸರಿಯಾಗಿ ಹೇಳಿಕೊಡುವವರು ಕಡಿಮೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾದಂಬರಿ ಓದಿದ ಹಾಗೆ ಓದಲು ಹೊರಟರೆ ಎರಡನೇ ಪುಟಕ್ಕೆ ನಿದ್ದೆ ಬರುತ್ತದೆ. ಮೊದಲು ಸಾರಾಂಶ ಓದಿ. ಆಮೇಲೆ ಪೀಠಿಕೆಯ ಕೊನೆಯ ಪ್ಯಾರಾಕ್ಕೆ ಹೋಗಿ, ಅವರ ಪ್ರಶ್ನೆ ಏನು ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಂತರ ವಿಧಾನ. ನಂತರ ಗ್ರಾಫು, ಕೋಷ್ಟಕ. ಫಲಿತಾಂಶದ ಪಠ್ಯ ಮೊದಲ ಸಲ ಅರ್ಥವಾಗದಿದ್ದರೂ ಪರವಾಗಿಲ್ಲ. ಚರ್ಚೆಯ ಭಾಗ ಓದಿಕೊಂಡು ಮತ್ತೆ ಅಲ್ಲಿಗೆ ಬನ್ನಿ.

ಓದುವಾಗ ನಾಲ್ಕು ವಿಷಯ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ: ಏನು ಕೇಳಿದರು, ಯಾರ ಮೇಲೆ ಏನು ಮಾಡಿದರು, ಏನು ಸಿಕ್ಕಿತು, ಏನನ್ನು ಹೇಳಲು ಆಗುವುದಿಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ತೆಗೆದುಕೊಳ್ಳಿ, ಬಹುಪಾಲು ಕೋರ್ಸ್‌ಗಳಲ್ಲಿ ಇದು ಬಂದೇ ಬರುತ್ತದೆ.

ಪ್ರಶ್ನೆ: ಕೇಳುವ ರೀತಿ ಬದಲಾದರೆ ನೆನಪೂ ಬದಲಾಗುತ್ತದೆಯೇ? 45 ವಿದ್ಯಾರ್ಥಿಗಳಿಗೆ ಕಾರುಗಳ ಅಪಘಾತದ ಸಣ್ಣ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು, ಆದರೆ ಒಂದೊಂದು ಗುಂಪಿಗೆ ಒಂದೊಂದು ಕ್ರಿಯಾಪದ ಬಳಸಿ. "ಒಂದಕ್ಕೊಂದು ತಾಗಿದಾಗ" ಅಂತ ಕೇಳಿದವರ ಅಂದಾಜು ಸರಾಸರಿ ಗಂಟೆಗೆ 31.8 ಮೈಲಿ. "ಅಪ್ಪಳಿಸಿದಾಗ" ಅಂತ ಕೇಳಿದವರದ್ದು 40.5 ಮೈಲಿ. ಇನ್ನೊಂದು ಪ್ರಯೋಗದಲ್ಲಿ ವಾರ ಬಿಟ್ಟು, ಒಡೆದ ಗಾಜು ಕಂಡಿತಾ ಅಂತ ಕೇಳಿದರು. ಚಿತ್ರದಲ್ಲಿ ಗಾಜು ಇರಲೇ ಇಲ್ಲ. "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಕಂಡಿತು ಅಂದರು. "ಗುದ್ದಿದಾಗ" ಅಂತ ಕೇಳಿಸಿಕೊಂಡಿದ್ದ 50ರಲ್ಲಿ 7 ಮಂದಿ.

ನಾಲ್ಕನೆಯದು ಬರೆಯುವಾಗಲೇ ಅಂಕ ಬರುವುದು. ಇವರೆಲ್ಲ ವಿದ್ಯಾರ್ಥಿಗಳು. ಚಿತ್ರ ನೋಡಿದ್ದು, ನಿಜವಾದ ಅಪಘಾತವನ್ನಲ್ಲ. ಬೀದಿಯಲ್ಲಿ ಎದೆ ಝಲ್ಲೆನ್ನುವಾಗ ನೋಡಿದ ನೆನಪೂ ಹೀಗೇ ಬದಲಾಗುತ್ತದಾ? ಈ ಅಧ್ಯಯನ ಒಂದರಿಂದಲೇ ಹೇಳಲಾಗದು. ಹಾಗಂತ ಪ್ರತಿ ಪೇಪರ್‌ಗೂ "ಸ್ಯಾಂಪಲ್ ಚಿಕ್ಕದು" ಅಂತ ಕಣ್ಣುಮುಚ್ಚಿ ಬರೆಯುವ ಚಟ ಒಳ್ಳೆಯದಲ್ಲ. ಚಿಕ್ಕದಾದರೆ ಅದರಿಂದ ಏನು ತೊಂದರೆ ಅಂತ ಹೇಳಬೇಕು, ಇಲ್ಲದಿದ್ದರೆ ಬರೆಯದೇ ಇರುವುದೇ ವಾಸಿ.

ಸ್ಟ್ಯಾಟಿಸ್ಟಿಕ್ಸ್: ಭಯ ಬೇಡ, ಆದರೆ ದಾಟಿಕೊಂಡು ಹೋಗಲಾಗದು

ಮೊದಲ ಹಂತದಲ್ಲಿ ಸರಾಸರಿ, ಮಧ್ಯಾಂಕ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ), ಸಹಸಂಬಂಧ (ಎರಡು ವಿಷಯಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಬದಲಾಗುತ್ತವೆ ಅನ್ನುವುದು). ಮುಂದೆ ಗುಂಪುಗಳ ಸರಾಸರಿ ಹೋಲಿಸುವ ಟಿ ಟೆಸ್ಟ್, ಅನೋವಾ, ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವ ರಿಗ್ರೆಷನ್. ಕೈಯಲ್ಲಿ ಲೆಕ್ಕ ಮಾಡುವುದು ಕಡಿಮೆಯಾಗಿದೆ, ಸಾಫ್ಟ್‌ವೇರ್ ಮಾಡುತ್ತದೆ. ಎಸ್‌ಪಿಎಸ್‌ಎಸ್‌ಗೆ ಹಣ ಕೊಡಬೇಕು, ಸಾಮಾನ್ಯವಾಗಿ ಯೂನಿವರ್ಸಿಟಿಯೇ ಒದಗಿಸುತ್ತದೆ. ಆರ್, ಜಾಸ್ಪ್, ಜಮೋವಿ ಉಚಿತ. ನಿಮಗೆ ಆಯ್ಕೆ ಇದ್ದರೆ ಜಮೋವಿ ಅಥವಾ ಜಾಸ್ಪ್‌ನಿಂದ ಶುರುಮಾಡಿ. ಮುಂದೆ ಸಂಶೋಧನೆಗೆ ಹೋಗುವ ಆಸೆ ಇದ್ದರೆ ಆರ್ ಕಲಿಯಿರಿ, ಮೊದಲು ತಲೆ ತಿನ್ನುತ್ತದೆ, ಆಮೇಲೆ ಬಿಡಲಾಗುವುದಿಲ್ಲ.

ಬಟನ್ ಒತ್ತಿದರೆ ಉತ್ತರ ಬರುತ್ತದೆ, ಸರಿ. ಅಧ್ಯಾಪಕರು ನೋಡುವುದು ಆ ಉತ್ತರದ ಅರ್ಥ ನಿಮಗೆ ಗೊತ್ತಾ ಅಂತ. ಪಿ ಮೌಲ್ಯದ ವಿಷಯದಲ್ಲಿ ಬಹಳ ಜನ ಜಾರುತ್ತಾರೆ. ಪಿ 0.03 ಬಂತು ಅಂದರೆ "ನನ್ನ ಊಹೆ ನಿಜವಾಗಿರುವ ಸಾಧ್ಯತೆ 97%" ಅಂತ ಬರೆಯುತ್ತಾರೆ. ತಪ್ಪು. ಎರಡು ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ 3% ಅಂತ ಅಷ್ಟೇ ಅದರ ಅರ್ಥ. ನಿಮ್ಮ ಊಹೆ ಎಷ್ಟು ನಿಜ ಅಂತ ಅದು ಹೇಳುವುದಿಲ್ಲ.

ಪಿ ಮೌಲ್ಯ ಚಿಕ್ಕದಾಗಿದ್ದ ಮಾತ್ರಕ್ಕೆ ಪರಿಣಾಮ ದೊಡ್ಡದು ಅಂತಲೂ ಅಲ್ಲ. ಸಾವಿರಾರು ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ತೀರಾ ಸಣ್ಣ ವ್ಯತ್ಯಾಸಕ್ಕೂ ಚಿಕ್ಕ ಪಿ ಸಿಗುತ್ತದೆ. ಅದಕ್ಕೇ ಪರಿಣಾಮದ ಗಾತ್ರವನ್ನೂ ಬರೆಯಲು ಹೇಳುತ್ತಾರೆ. ಮನೋವಿಜ್ಞಾನಿ ಜೇಕಬ್ ಕೋಹೆನ್ ಕೊಟ್ಟ ಅಳತೆಯಲ್ಲಿ ಡಿ (ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದ್ದು) 0.2 ಇದ್ದರೆ ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಇವು ಬರೀ ಒಂದು ಅಂದಾಜಿಗೆ, ಕಲ್ಲಲ್ಲಿ ಕೆತ್ತಿದ್ದೇನಲ್ಲ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಈ ಕ್ಷೇತ್ರಕ್ಕೆ ತನ್ನದೇ ಕಾರಣ ಇದೆ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಸೈಕಾಲಜಿಯ ಹೆಸರಾಂತ ನಿಯತಕಾಲಿಕೆಗಳಿಂದ 100 ಅಧ್ಯಯನಗಳನ್ನು ಆರಿಸಿ ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97% ಅಧ್ಯಯನಗಳು ಗಣನೀಯ ಫಲಿತಾಂಶ, ಅಂದರೆ ಪಿ 0.05ಕ್ಕಿಂತ ಕಡಿಮೆ, ಬಂತು ಅಂದಿದ್ದವು. ಮತ್ತೆ ಮಾಡಿದಾಗ ಹಾಗೆ ಬಂದಿದ್ದು 36% ಮಾತ್ರ. ಕೆಲವರು ಇದನ್ನು ಕೇಳಿ ಸೈಕಾಲಜಿಯೇ ಟೊಳ್ಳು ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಮನೆಯ ಲೆಕ್ಕವನ್ನು ತಾನೇ ಬೀದಿಯಲ್ಲಿಟ್ಟು ಪರೀಕ್ಷಿಸುವ ವಿದ್ಯೆ ಮೇಲೆ ನನಗೆ ನಂಬಿಕೆ ಜಾಸ್ತಿಯೇ ಆಗುತ್ತದೆ. ಆಗಿನಿಂದ ಅಧ್ಯಯನದ ಯೋಜನೆಯನ್ನು ಮೊದಲೇ ನೋಂದಾಯಿಸುವುದು, ದತ್ತಾಂಶ ಎಲ್ಲರಿಗೂ ತೆರೆದಿಡುವುದು ಹೆಚ್ಚಾಗಿದೆ. ನಿಮ್ಮ ಕೋರ್ಸ್‌ನಲ್ಲೂ ಇದರ ಬಗ್ಗೆ ಪ್ರಶ್ನೆ ಬರಬಹುದು.

ಲ್ಯಾಬ್ ರಿಪೋರ್ಟ್ ಬರೆಯುವಾಗ

ಚೌಕಟ್ಟು ಸಿದ್ಧವಾಗಿರುತ್ತದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಬಹುತೇಕ ವಿಭಾಗಗಳು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ ಏಳನೇ ಆವೃತ್ತಿ ಕೇಳುತ್ತವೆ. ಆಕರ ಸೂಚಿಸುವ ರೀತಿ, ಕೋಷ್ಟಕದ ರೂಪ, ಸಂಖ್ಯೆ ಬರೆಯುವ ರೀತಿ ಎಲ್ಲ ಅದರಲ್ಲಿದೆ. ಬಾಯಿಪಾಠ ಮಾಡಬೇಕಿಲ್ಲ. ಝೊಟೇರೋ ಥರದ ಉಚಿತ ತಂತ್ರಾಂಶವನ್ನು ಮೊದಲ ವಾರದಿಂದಲೇ ಬಳಸಿದರೆ ಆಕರಗಳ ಪಟ್ಟಿ ತಾನೇ ತಯಾರಾಗುತ್ತದೆ. ಕೊಡುವ ಮುನ್ನ ಒಮ್ಮೆ ಕಣ್ಣಾಡಿಸಿ ಅಷ್ಟೆ.

ಬರೆಯಲು ವಿಧಾನದಿಂದ ಶುರುಮಾಡಿ. ಏನು ಮಾಡಿದಿರೋ ಅದನ್ನೇ ಬರೆಯುವುದು, ಹಾಗಾಗಿ ಸುಲಭ. ಬೇರೆಯವರು ಅದನ್ನು ಓದಿ ನಿಮ್ಮ ಪ್ರಯೋಗವನ್ನು ಹಾಗೇ ಮತ್ತೆ ಮಾಡಲು ಆಗಬೇಕು, ಅದೇ ಪರೀಕ್ಷೆ. ಫಲಿತಾಂಶದ ಭಾಗದಲ್ಲಿ ಬರೀ ಏನು ಬಂತು ಅಂತ ಬರೆಯಿರಿ, ಯಾಕೆ ಬಂತು ಅನ್ನುವುದು ಚರ್ಚೆಗೆ. ಪೀಠಿಕೆಯನ್ನು ಕೊನೆಗೆ ಬರೆದರೂ ನಡೆಯುತ್ತದೆ.

"ಇದರಿಂದ ಸಾಬೀತಾಗುತ್ತದೆ" ಅನ್ನುವ ಮಾತು ಕಂಡರೆ ಅಧ್ಯಾಪಕರ ಕೆಂಪು ಪೆನ್ ತಾನೇ ಎದ್ದು ಬರುತ್ತದೆ. "ಇದು ಸೂಚಿಸುತ್ತದೆ", "ಈ ಊಹೆಗೆ ಬೆಂಬಲ ಸಿಕ್ಕಿದೆ" ಅಂತ ಬರೆಯಿರಿ. ಹಾಗೇ ಸಹಸಂಬಂಧ ಕಂಡಿದ್ದನ್ನು ಕಾರಣ ಅಂತ ಬರೆಯಬೇಡಿ. ಫೋನ್ ಜಾಸ್ತಿ ನೋಡುವವರಿಗೆ ನಿದ್ದೆ ಕಡಿಮೆ ಅಂತ ಸಿಕ್ಕಿದರೆ, ಫೋನಿನಿಂದ ನಿದ್ದೆ ಕೆಟ್ಟಿರಬಹುದು. ನಿದ್ದೆ ಬಾರದೆ ಫೋನ್ ಹಿಡಿದಿರಬಹುದು. ಎರಡಕ್ಕೂ ಆತಂಕವೇ ಮೂಲವಾಗಿರಬಹುದು. ನಿಮ್ಮ ಊಹೆಗೆ ಬೆಂಬಲ ಸಿಗದಿದ್ದರೆ ಅಂಕ ಹೋಗುವುದಿಲ್ಲ, ಸಿಗದೇ ಇದ್ದದ್ದನ್ನು ಸಿಕ್ಕಿದ ಹಾಗೆ ಬರೆದರೆ ಹೋಗುತ್ತದೆ.

ಕೃತಿಚೌರ್ಯದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ನಾನು ಒಂದೇ ಮಾತು ಸೇರಿಸುತ್ತೇನೆ. ಎಐ ಉಪಕರಣಗಳು ಇಲ್ಲದ ಪೇಪರ್‌ಗಳ ಹೆಸರನ್ನು, ಲೇಖಕರು ಮತ್ತು ವರ್ಷದ ಸಮೇತ, ನಂಬುವ ಹಾಗೆ ಹುಟ್ಟಿಸಿ ಕೊಡುತ್ತವೆ. ನೀವು ಕಣ್ಣಾರೆ ತೆರೆದು ನೋಡದ ಆಕರವನ್ನು ಪಟ್ಟಿಗೆ ಹಾಕಬೇಡಿ.

ಪರೀಕ್ಷೆಗೆ ಓದುವ ರೀತಿ

ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಈ ಕೋರ್ಸ್‌ನಲ್ಲೇ ಓದುತ್ತೀರಿ. ಓದಿದ್ದು ಮೊದಲು ಬೇಗ ಮರೆಯುತ್ತದೆ, ಆಮೇಲೆ ನಿಧಾನಕ್ಕೆ, ಅಂತ ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ಆದರೂ ಹಿಂದಿನ ರಾತ್ರಿ ಕೂತು ಹಳದಿ ಪೆನ್ನಿಂದ ಗೀಚುವವರೇ ಜಾಸ್ತಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ತಿರುಗಿತು: ಬರೆದು ನೋಡಿದವರಿಗೆ ಸುಮಾರು 56% ನೆನಪಿತ್ತು, ಓದಿದ್ದನ್ನೇ ಓದಿದವರಿಗೆ 42%. ಹಾಗಾಗಿ ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದು ಬರೆಯಿರಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ. "ನಾನು ನೋಡಿ ಕಲಿಯುವವನು, ಕೇಳಿ ಕಲಿಯುವವಳು" ಅನ್ನುವ ವಿಂಗಡಣೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ, ಅದರ ಹಿಂದೆ ಹೋಗಬೇಡಿ.

ಬಹು ಆಯ್ಕೆ ಪ್ರಶ್ನೆ ಅಂದರೆ ಸುಲಭ ಅಂದುಕೊಳ್ಳಬೇಡಿ. ವ್ಯಾಖ್ಯಾನ ಕೇಳುವುದು ಕಡಿಮೆ, ಸನ್ನಿವೇಶ ಕೊಟ್ಟು ಇದು ಯಾವುದು ಅಂತ ಕೇಳುವುದು ಹೆಚ್ಚು. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕುವವರೆಗೂ ಸದ್ದು ಬರುತ್ತದೆ, ಹಾಕಿದ ಕೂಡಲೇ ನಿಲ್ಲುತ್ತದೆ, ಹಾಗಾಗಿ ನೀವು ಬೆಲ್ಟ್ ಹಾಕುವುದು ರೂಢಿಯಾಗುತ್ತದೆ. ಇದು ಶಿಕ್ಷೆಯಾ, ಋಣಾತ್ಮಕ ಪುನರ್ಬಲನವಾ? ಎರಡನೆಯದು. ಕಿರಿಕಿರಿಯನ್ನು ತೆಗೆದುಹಾಕಿ ಒಂದು ವರ್ತನೆಯನ್ನು ಹೆಚ್ಚಿಸಿತು. ಶಿಕ್ಷೆ ಅನ್ನುವುದು ವರ್ತನೆಯನ್ನು ಕಡಿಮೆ ಮಾಡುವಂಥದ್ದು. ಪ್ರತಿ ಅಧ್ಯಾಯಕ್ಕೂ ಇಂಥ ಎರಡು ಮೂರು ಸನ್ನಿವೇಶ ನೀವೇ ಕಟ್ಟಿ, ಜೊತೆಯವರ ಹತ್ತಿರ ಅದಲುಬದಲು ಮಾಡಿಕೊಳ್ಳಿ.

ಕ್ಲಾಸಿನಲ್ಲಿ, ಕ್ಲಾಸಿನ ಹೊರಗೆ

ಅಸಹಜ ಮನೋವಿಜ್ಞಾನದ ಪಾಠ ಶುರುವಾದ ವಾರ ಎಲ್ಲರಿಗೂ ಎಲ್ಲ ಕಾಯಿಲೆಯೂ ಇರುವ ಹಾಗೆ ಅನ್ನಿಸುತ್ತದೆ. ಲಕ್ಷಣ ಇದ್ದರೆ ಸಾಲದು. ಎಷ್ಟು ಕಾಲದಿಂದ ಇದೆ, ದಿನದ ಬದುಕನ್ನು ಎಷ್ಟು ಕೆಡಿಸಿದೆ ಅನ್ನುವುದನ್ನೂ ನೋಡಿ ತಜ್ಞರು ನಿರ್ಧರಿಸುತ್ತಾರೆ. ಗೆಳೆಯರಿಗೆ, ಮನೆಯವರಿಗೆ ನೀವು ರೋಗದ ಹೆಸರು ಅಂಟಿಸಬೇಡಿ. ನಿಮಗೇ ನಿಜವಾಗಿ ಕಷ್ಟವಾಗುತ್ತಿದ್ದರೆ ಯೂನಿವರ್ಸಿಟಿಯ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗಿ. ಪಾಠ ಮಾಡುವವರು ನಿಮ್ಮ ಚಿಕಿತ್ಸಕರಲ್ಲ, ಆಗಲೂಬಾರದು.

ಚರ್ಚೆಯಲ್ಲಿ ಸ್ವಂತ ಅನುಭವ ಹೇಳಬೇಕು ಅಂತ ಯಾರೂ ಒತ್ತಾಯಿಸುವ ಹಾಗಿಲ್ಲ. ಬೇರೆಯವರು ಹೇಳಿಕೊಂಡದ್ದನ್ನು ಹೊರಗೆ ಆಡಬೇಡಿ. ಯಾವುದಾದರೂ ವಿಷಯ ನಿಮಗೆ ತೀರಾ ನೋವು ಕೊಡುವಂಥದ್ದಾದರೆ, ಆ ವಾರ ಬರುವ ಮುನ್ನವೇ ಅಧ್ಯಾಪಕರಿಗೆ ತಿಳಿಸಿ. ವಿವರ ಹೇಳಬೇಕಿಲ್ಲ.

ಗಡುವು ತಪ್ಪುತ್ತದೆ ಅನ್ನಿಸಿದರೆ ಗಡುವು ಮುಗಿಯುವ ಮೊದಲೇ ಮೇಲ್ ಬರೆಯಿರಿ. ಕೋರ್ಸ್‌ನ ಹೆಸರು, ಯಾವ ಕೆಲಸ, ಎಷ್ಟು ಮುಗಿದಿದೆ, ಎಷ್ಟು ದಿನ ಬೇಕು, ಇಷ್ಟು ಸಾಕು. ಅಂಕ ಕಡಿಮೆ ಬಂತು ಅನ್ನಿಸಿದರೆ "ನಾನು ತುಂಬಾ ಕಷ್ಟಪಟ್ಟಿದ್ದೆ ಸರ್" ಅಂತ ಹೋಗಬೇಡಿ, ಅದು ನಿಜವೇ ಇರಬಹುದು, ಆದರೆ ಉಪಯೋಗವಿಲ್ಲ. ಅಂಕ ಹಾಕುವ ಮಾನದಂಡದ ಹಾಳೆಯನ್ನೂ ನಿಮ್ಮ ಉತ್ತರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೋಗಿ, ಯಾವ ಸಾಲಿಗೆ ಯಾವ ಅಂಕ ಹೋಯಿತು ಅಂತ ಕೇಳಿ.